ಫ್ರೀಲ್ಯಾನ್ಸ್ ಬರವಣಿಗೆ: ಕೆಲಸ ಹುಡುಕುವುದು, ವರ್ಷದ ಗುರಿ ಹಾಕಿಕೊಳ್ಳುವುದು (ಪದೇ ಪದೇ ಕೇಳುವ ಪ್ರಶ್ನೆಗಳು)

ಬರವಣಿಗೆಯನ್ನೇ ಕಸುಬು ಮಾಡಿಕೊಳ್ಳಬೇಕೆನ್ನುವವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಕೆಲವು ವರ್ಷ ಪಳಗಿದವರವು ಕೊನೆಗೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ನಡೆಯುತ್ತದೆ.

## ಇಳಿಯುವ ಮುನ್ನ

ಚೆನ್ನಾಗಿ ಬರೀತೀಯ ಅಂತ ಎಲ್ಲರೂ ಹೇಳ್ತಾರೆ. ಆದರೆ ಇದರಿಂದ ನಿಜವಾಗ್ಲೂ ಹೊಟ್ಟೆ ತುಂಬುತ್ತಾ?

ಯಾವ ಬರವಣಿಗೆ ಎನ್ನುವುದರ ಮೇಲೆ ನಿಂತಿದೆ. ಕಥೆ, ಕವಿತೆ, ಅಭಿಪ್ರಾಯ ಲೇಖನಗಳಿಂದಲೇ ಮನೆ ನಡೆಸುವವರು ಎಲ್ಲ ಭಾಷೆಗಳಲ್ಲೂ ವಿರಳ. ಬರೆದು ಬದುಕುವ ಹೆಚ್ಚಿನವರ ಆದಾಯ ಬರುವುದು ಹೆಸರೇ ಇಲ್ಲದ ಬರಹಗಳಿಂದ. ಕಂಪನಿಯ ಜಾಲತಾಣದ ಪುಟಗಳು, ಯಂತ್ರ ಬಳಸುವವರಿಗೆ ಕೊಡುವ ಕೈಪಿಡಿ, ಗ್ರಾಹಕರಿಗೆ ಕಳಿಸುವ ಸುದ್ದಿಪತ್ರ, ಗ್ರಾಹಕರೊಬ್ಬರ ಅನುಭವ ಹೇಳುವ ಕೇಸ್ ಸ್ಟಡಿ, ವಾರ್ಷಿಕ ವರದಿ, ಅನುದಾನದ ಅರ್ಜಿ, ತರಬೇತಿ ಪಠ್ಯ, ದೊಡ್ಡ ಹುದ್ದೆಯಲ್ಲಿರುವವರ ಭಾಷಣ, ಇವೆಲ್ಲವನ್ನೂ ಯಾರೋ ಒಬ್ಬರು ಕೂತು ಬರೆದಿರುತ್ತಾರೆ. ಅದಕ್ಕೆ ಹಣವೂ ಸಂದಿರುತ್ತದೆ. ಇಂಥ ಕೆಲಸ ಕೈಗೆತ್ತಿಕೊಳ್ಳಲು ಮುಜುಗರವಿಲ್ಲದಿದ್ದರೆ ದಾರಿ ಇದೆ. ಹೆಸರು ಅಚ್ಚಾಗಲೇಬೇಕು ಎಂದಾದರೆ ಬೇರೆ ಆದಾಯವೊಂದು ಜೊತೆಗಿರಲಿ. ಎರಡನ್ನೂ ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಇರೋ ಕೆಲಸ ಬಿಟ್ಟು ಇಳಿಯಲಾ?

ಈಗಲೇ ಬೇಡ. ಇವತ್ತು ನೀವು ಬರೆದ ಪತ್ರಕ್ಕೆ ಉತ್ತರ ಬಂದು, ಮಾತುಕತೆ ಮುಗಿದು, ಬರೆದು ಒಪ್ಪಿಸಿ, ಬಿಲ್ ಹಾಕಿ, ಹಣ ಖಾತೆಗೆ ಬೀಳಲು ಮೂರು ನಾಲ್ಕು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ. ಆರು ತಿಂಗಳ ಖರ್ಚು ಕೈಯಲ್ಲಿರಲಿ, ಕನಿಷ್ಠ ಇಬ್ಬರು ಗ್ರಾಹಕರು ಎರಡನೇ ಸಲ ಕೆಲಸ ಕೊಟ್ಟಿರಲಿ. ಮೊದಲ ಸಲದ ಕೆಲಸ ಗುರುತಿನ ಮೇಲೋ ಅದೃಷ್ಟದ ಮೇಲೋ ಬರಬಹುದು. ಎರಡನೆಯದು ಬಂದಾಗ ಮಾತ್ರ ನಿಮ್ಮ ಬರಹ ಅವರಿಗೆ ಉಪಯೋಗಕ್ಕೆ ಬಂದಿದೆ ಎಂದು ಗೊತ್ತಾಗುತ್ತದೆ.

ಎಲ್ಲೂ ಪ್ರಕಟ ಆಗಿಲ್ಲ. ಸ್ಯಾಂಪಲ್ ಕೇಳಿದರೆ ಏನು ತೋರಿಸಲಿ?

ಬರೆದು ತೋರಿಸಿ. ಕೆಲಸ ಕೊಡುವವರಲ್ಲಿ ಹೆಚ್ಚಿನವರಿಗೆ ಅದು ಎಲ್ಲಿ ಅಚ್ಚಾಯಿತು ಎನ್ನುವುದಕ್ಕಿಂತ ತಮಗೆ ಬೇಕಾದ ಬಗೆಯ ಬರಹ ನಿಮ್ಮ ಕೈಯಿಂದ ಬರುತ್ತದೆಯೇ ಎನ್ನುವುದು ಮುಖ್ಯ. ಆರೋಗ್ಯದ ಸುದ್ದಿಪತ್ರಗಳಿಗೆ ಬರೆಯುವ ಆಸೆಯಿದ್ದರೆ ಅಂಥದೇ ಎರಡು ಮೂರು ಬರಹಗಳನ್ನು ತಯಾರಿಸಿ. ವೈದ್ಯರೊಬ್ಬರನ್ನು ನಿಜವಾಗಿಯೂ ಮಾತಾಡಿಸಿ, ಅವರ ಒಪ್ಪಿಗೆ ಪಡೆದು ಬರೆಯಿರಿ. ಇದು ಮಾದರಿ ಬರಹ ಎಂದು ಮೇಲೆಯೇ ನಮೂದಿಸಿ. ಇಲ್ಲದ ಗ್ರಾಹಕರ ಹೆಸರು ಹಾಕುವುದು ಮಾತ್ರ ಬೇಡ, ಒಂದು ಫೋನ್ ಕರೆಯಲ್ಲಿ ಬಣ್ಣ ಬಯಲಾಗುತ್ತದೆ.

ಇಪ್ಪತ್ತು ಸ್ಯಾಂಪಲ್‌ಗಳ ಕಟ್ಟು ಕಳಿಸಬೇಡಿ. ಕೇಳಿದ ಕೆಲಸಕ್ಕೆ ಹತ್ತಿರವಿರುವ ಮೂರು ಸಾಕು.

ಒಂದೇ ವಿಷಯ ಹಿಡೀಬೇಕಾ, ಸಿಕ್ಕಿದ್ದೆಲ್ಲ ಬರೀಬೇಕಾ?

ಮೊದಲ ವರ್ಷ ಸಿಕ್ಕಿದ್ದನ್ನು ಬರೆಯಿರಿ. ಯಾವುದು ಒಗ್ಗುತ್ತದೆ, ಯಾವುದರಲ್ಲಿ ಹಣ ಸರಿಯಾಗಿ ಬರುತ್ತದೆ ಎನ್ನುವುದು ಕೂತು ಯೋಚಿಸಿದರೆ ತಿಳಿಯುವುದಲ್ಲ. ಆಮೇಲೆ ನಿಧಾನವಾಗಿ ಒಂದೆರಡು ಕ್ಷೇತ್ರಗಳ ಕಡೆ ವಾಲಿ. ಹಿಂದಿನ ಉದ್ಯೋಗ ಇಲ್ಲಿ ದೊಡ್ಡ ಬಂಡವಾಳ. ಬ್ಯಾಂಕಿನಲ್ಲಿದ್ದವರು, ದಾದಿಯಾಗಿದ್ದವರು, ಮೇಷ್ಟರಾಗಿದ್ದವರು ತಮಗೆ ಗೊತ್ತಿರುವುದನ್ನು ಎಲ್ಲರಿಗೂ ಗೊತ್ತು ಎಂದುಕೊಂಡು ಮುಚ್ಚಿಡುತ್ತಾರೆ. ಗ್ರಾಹಕರು ಹುಡುಕುತ್ತಿರುವುದು ಅದನ್ನೇ.

## ಕೆಲಸ ಹುಡುಕುವುದು

ಸುತ್ತುಬಳಸಿ ಬೇಡ, ಕೆಲಸ ಎಲ್ಲಿ ಸಿಗುತ್ತೆ ಹೇಳಿ.

ಪರಿಚಯದವರ ಬಳಿ. ಅದರಲ್ಲೂ ಅಷ್ಟೇನೂ ಹತ್ತಿರವಲ್ಲದವರ ಬಳಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಪ್ರಬಂಧವೊಂದರಲ್ಲಿ, ಪರಿಚಯದ ಮೂಲಕ ಉದ್ಯೋಗ ಕಂಡುಕೊಂಡವರನ್ನು ‘ಆ ವ್ಯಕ್ತಿಯನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ’ ಎಂದು ಕೇಳಿದ್ದನ್ನು ದಾಖಲಿಸಿದ್ದಾರೆ. ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಸುಮಾರು 17 ಶೇಕಡ. ಉಳಿದವರು ಅಪರೂಪಕ್ಕೊಮ್ಮೆ, ಇಲ್ಲವೇ ಅಲ್ಲೊಮ್ಮೆ ಇಲ್ಲೊಮ್ಮೆ ಎಂದವರು. ಕಾರಣ ಸರಳ. ನಿಮ್ಮ ಆಪ್ತರಿಗೆ ಗೊತ್ತಿರುವುದು ಬಹುಪಾಲು ನಿಮಗೂ ಗೊತ್ತಿರುತ್ತದೆ. ಹಳೆಯ ಆಫೀಸಿನಲ್ಲಿ ಎರಡು ಮೇಜು ಆಚೆ ಕೂತಿದ್ದವರು ಈಗ ಬೇರೊಂದು ಲೋಕದಲ್ಲಿದ್ದಾರೆ, ಅಲ್ಲಿಯ ಸುದ್ದಿ ನಿಮಗೆ ಮುಟ್ಟುವುದು ಅವರಿಂದ ಮಾತ್ರ. ಆದ್ದರಿಂದ ಮೊದಲ ವಾರದ ಕೆಲಸವೆಂದರೆ ಹಳೆಯ ಸಹೋದ್ಯೋಗಿಗಳು, ಜೊತೆಗೆ ಓದಿದವರು, ಒಮ್ಮೆ ವ್ಯವಹರಿಸಿದವರು ಇವರ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ನಾಲ್ಕು ಸಾಲು ಬರೆಯುವುದು. “ಕೆಲಸ ಇದ್ದರೆ ಹೇಳಿ” ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. “ಸಾಫ್ಟ್‌ವೇರ್ ಕಂಪನಿಗಳಿಗೆ ಬಳಕೆದಾರರ ಕೈಪಿಡಿ ಬರೆಯುತ್ತಿದ್ದೇನೆ, ಅಂಥ ಅಗತ್ಯ ಇರುವವರು ಯಾರಾದರೂ ನೆನಪಾದರೆ ನನ್ನ ಹೆಸರು ಹೇಳಿ” ಎಂದರೆ ಒಂದು ಮುಖ ಕಣ್ಣೆದುರು ಬರುತ್ತದೆ.

ಎರಡನೆಯ ಜಾಗ, ಜಾಹೀರಾತು ಏಜೆನ್ಸಿಗಳು ಮತ್ತು ವಿನ್ಯಾಸ ಮಾಡುವ ಪುಟ್ಟ ಸಂಸ್ಥೆಗಳು. ಅವರ ಬಳಿ ಗ್ರಾಹಕರಿರುತ್ತಾರೆ, ಬರೆಯುವವರ ಕೊರತೆ ಆಗಾಗ ಬೀಳುತ್ತದೆ. ಹಣ ಸ್ವಲ್ಪ ಕಡಿಮೆ, ಆದರೆ ಕೆಲಸ ಹುಡುಕುವ ತಲೆನೋವೂ ಕಡಿಮೆ. ಮೂರನೆಯದು ನೀವೇ ಆರಿಸಿದ ಕಂಪನಿಗಳಿಗೆ ನೇರ ಪತ್ರ.

ಕೊನೆಯದು ಅಪ್‌ವರ್ಕ್, ಫೈವರ್ ಥರದ ಆನ್‌ಲೈನ್ ವೇದಿಕೆಗಳು. ಫೈವರ್ ಶುರುವಾದದ್ದು 2010ರಲ್ಲಿ. ಅಪ್‌ವರ್ಕ್ ಹಳೆಯ ಎರಡು ವೇದಿಕೆಗಳು ಒಂದಾಗಿ 2015ರಲ್ಲಿ ಹೊಸ ಹೆಸರು ಪಡೆದದ್ದು. ಇಲ್ಲಿ ಮಿತಿಯಿಲ್ಲದ ಪೈಪೋಟಿ, ಮೇಲಾಗಿ ವೇದಿಕೆಯ ಕಮಿಷನ್. ಯಾರ ಪರಿಚಯವೂ ಇಲ್ಲದವರಿಗೆ ಮೊದಲ ಐದಾರು ಕೆಲಸಗಳ ಮಟ್ಟಿಗೆ ಇವು ಉಪಯುಕ್ತ ಎನ್ನುವುದು ನನ್ನ ಅಭಿಪ್ರಾಯ. ಅಲ್ಲೇ ಬೇರು ಬಿಟ್ಟರೆ ದರ ಏರಿಸುವುದು ಕಷ್ಟ.

ಗುರುತಿಲ್ಲದ ಕಂಪನಿಗೆ ಮೇಲ್ ಬರೆಯೋಕೆ ಕೈ ನಡುಗುತ್ತೆ. ಏನಂತ ಬರೀಲಿ?

ಚಿಕ್ಕದಾಗಿ ಬರೆಯಿರಿ. ಇನ್‌ಫೋ ಎಂದು ಶುರುವಾಗುವ ಸಾಮಾನ್ಯ ವಿಳಾಸಕ್ಕಲ್ಲ, ಮಾರ್ಕೆಟಿಂಗ್ ಅಥವಾ ಸಂವಹನ ನೋಡಿಕೊಳ್ಳುವ ವ್ಯಕ್ತಿಗೆ, ಹೆಸರು ಹಿಡಿದು. ಹೆಚ್ಚುಕಡಿಮೆ ಹೀಗೆ:

“ನಿಮ್ಮ ಜಾಲತಾಣದಲ್ಲಿ ಗ್ರಾಹಕರ ಅನುಭವದ ಬರಹಗಳು ಚೆನ್ನಾಗಿವೆ, ಆದರೆ ಹೊಸ ಉತ್ಪನ್ನದ ಬಗ್ಗೆ ಒಂದೂ ಕಾಣಲಿಲ್ಲ. ನಾನು ಇಂಥ ಕೇಸ್ ಸ್ಟಡಿಗಳನ್ನು ಬರೆಯುತ್ತೇನೆ. ಎರಡು ಮಾದರಿಗಳ ಕೊಂಡಿ ಕೆಳಗಿದೆ. ಈ ತಿಂಗಳು ಅಂಥ ಅಗತ್ಯ ಬಿದ್ದರೆ ತಿಳಿಸಿ.”

ಇಷ್ಟೇ. ನಿಮ್ಮ ಬಾಲ್ಯದ ಸಾಹಿತ್ಯಾಸಕ್ತಿ, ಬರವಣಿಗೆಯೇ ನನ್ನ ಉಸಿರು, ಇವು ಬೇಡ. ಒಂದು ವಾರ ಹತ್ತು ದಿನ ಕಾದು ಒಂದು ನೆನಪೋಲೆ ಕಳಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ ಮೂರು ತಿಂಗಳ ನಂತರ ಹೊಸ ಕಾರಣವೊಂದನ್ನು ಹಿಡಿದು ಮತ್ತೆ ಬರೆಯಿರಿ. ಬೇಡ ಎಂದವರನ್ನು ಬಿಟ್ಟುಬಿಡಿ. ಸುಮ್ಮನಿದ್ದವರು ಬೇಡ ಎಂದಿಲ್ಲ.

ಪತ್ರಿಕೆಗೆ ಪಿಚ್ ಕಳಿಸಿ ತಿಂಗಳಾಯ್ತು, ಸಂಪಾದಕರು ಉತ್ತರಾನೇ ಕೊಡ್ತಿಲ್ಲ.

ಮೊದಲು ಪಿಚ್, ಅಂದರೆ ನೀವು ಕಳಿಸಿದ ಲೇಖನದ ಪ್ರಸ್ತಾಪ, ಹೇಗಿದೆ ನೋಡಿ. ‘ಹವಾಮಾನ ಬದಲಾವಣೆಯ ಬಗ್ಗೆ ಬರೆಯುತ್ತೇನೆ’ ಎನ್ನುವುದು ಬರೀ ವಿಷಯ. ಯಾರಿಗೆ ಏನಾಗಿದೆ, ಈಗಲೇ ಏಕೆ ಬರೆಯಬೇಕು, ಯಾರನ್ನು ಮಾತಾಡಿಸುತ್ತೀರಿ, ಎಷ್ಟು ಪದ, ನೀವೇ ಏಕೆ, ಇಷ್ಟಿದ್ದರೆ ಅದು ಪಿಚ್. ಆ ಪತ್ರಿಕೆಯ ಯಾವ ವಿಭಾಗಕ್ಕೆ ಎಂಬುದನ್ನೂ ಹೆಸರಿಸಿದರೆ, ನೀವು ಪತ್ರಿಕೆ ಓದಿದ್ದೀರಿ ಎಂದು ಸಂಪಾದಕರಿಗೆ ಗೊತ್ತಾಗುತ್ತದೆ. ಮಾಸಪತ್ರಿಕೆಗಳು ಹಲವು ತಿಂಗಳು ಮೊದಲೇ ಸಂಚಿಕೆ ಯೋಜಿಸುವುದರಿಂದ ಹಬ್ಬದ ಲೇಖನವನ್ನು ಹಬ್ಬದ ತಿಂಗಳಲ್ಲಿ ಕಳಿಸಿ ಫಲವಿಲ್ಲ. ಎರಡು ವಾರಕ್ಕೊಂದು ನೆನಪೋಲೆ, ಆಮೇಲೆ “ಈ ದಿನಾಂಕದ ನಂತರ ಬೇರೆಡೆ ಕಳಿಸುತ್ತೇನೆ” ಎಂದು ಸೌಜನ್ಯದಿಂದ ತಿಳಿಸಿ, ಹಾಗೆಯೇ ಮಾಡಿ.

“ಮೊದಲು ಒಂದು ಪುಕ್ಕಟೆ ಬರೆದು ಕೊಡಿ, ನೋಡೋಣ” ಅಂತಾರೆ. ಕೊಡಬಹುದಾ?

ಇರುವ ಸ್ಯಾಂಪಲ್ ತೋರಿಸಿ. ಪರೀಕ್ಷೆಗೆಂದೇ ಹೊಸದಾಗಿ ಬರೆಯಬೇಕೆಂದರೆ ಅದು ಚಿಕ್ಕದಾಗಿರಲಿ, ಅದಕ್ಕೂ ಹಣ ಕೇಳಿ. ಹತ್ತು ಜನರಿಗೆ ಹತ್ತು ‘ಪರೀಕ್ಷಾ ಲೇಖನ’ ಹಂಚಿ, ಹತ್ತನ್ನೂ ಬಳಸಿಕೊಂಡು ಮಾಯವಾಗುವವರಿದ್ದಾರೆ. ಕೆಲಸ ಕೊಡಲು ನಿಮ್ಮಿಂದಲೇ ನೋಂದಣಿ ಶುಲ್ಕ ಕೇಳುವವರು, ಒಪ್ಪಿದ್ದಕ್ಕಿಂತ ಹೆಚ್ಚು ಮೊತ್ತದ ಚೆಕ್ ಕಳಿಸಿ ‘ಉಳಿದದ್ದನ್ನು ವಾಪಸ್ ಹಾಕಿ’ ಎನ್ನುವವರು ಸ್ಪಷ್ಟವಾಗಿ ಮೋಸಗಾರರು. ಚೆಕ್ ಕೆಲವು ದಿನಗಳ ಮೇಲೆ ತಿರಸ್ಕೃತವಾಗುತ್ತದೆ, ನೀವು ಹಾಕಿದ ಹಣ ಹೋದದ್ದೇ.

ಎಐ ಬಂದ ಮೇಲೆ ಯಾರಾದ್ರೂ ಬರೆಯೋರಿಗೆ ದುಡ್ಡು ಕೊಡ್ತಾರಾ?

ಚಾಟ್‌ಜಿಪಿಟಿ ಸಾರ್ವಜನಿಕರಿಗೆ ಸಿಕ್ಕಿದ್ದು 2022ರ ನವೆಂಬರ್ 30ರಂದು. ಅಂದಿನಿಂದ ಪದಕ್ಕೆ ಪುಡಿಗಾಸು ಸಿಗುತ್ತಿದ್ದ, ಯಾರೂ ಮನಸ್ಸಿಟ್ಟು ಓದದ ಬರಹಗಳ ಕೆಲಸ ಕುಸಿದಿದೆ. ಅದು ಮರಳಿ ಬರುತ್ತದೆಂದು ನನಗನ್ನಿಸುವುದಿಲ್ಲ. ಜನರ ಬಳಿ ಹೋಗಿ ಮಾತಾಡಿಸಿ ಬರೆಯುವುದು, ತಪ್ಪಾದರೆ ಹೊಣೆ ಹೊರಬೇಕಾದ ಬರಹ, ಕಂಪನಿಯೊಳಗಿನ ಐದು ಮಂದಿಯ ಐದು ಅಭಿಪ್ರಾಯಗಳನ್ನು ಒಂದು ಪುಟಕ್ಕೆ ಇಳಿಸುವುದು, ಇವಕ್ಕೆ ಬೇಡಿಕೆ ಉಳಿದಿದೆ. ನೀವು ಎಐ ಬಳಸುವುದಾದರೆ ಗ್ರಾಹಕರಿಗೆ ಮೊದಲೇ ತಿಳಿಸಿ. ಈಗ ಅನೇಕ ಕರಾರುಗಳಲ್ಲಿ ಅದರ ಬಗ್ಗೆ ಒಂದು ಷರತ್ತು ಇರುತ್ತದೆ, ಸಹಿ ಹಾಕುವ ಮುನ್ನ ಓದಿ.

## ದರ, ಕರಾರು, ವಸೂಲಿ

ಎಷ್ಟು ಕೇಳಬೇಕು ಅಂತಾನೇ ಗೊತ್ತಾಗಲ್ಲ. ಪದಕ್ಕಿಷ್ಟಾ, ಗಂಟೆಗಿಷ್ಟಾ?

ಮೊದಲು ನಿಮ್ಮ ಗಂಟೆಯ ಬೆಲೆ ನಿಮಗೆ ಗೊತ್ತಿರಬೇಕು. ವರ್ಷಕ್ಕೆ 52 ವಾರ. ಕಾಯಿಲೆ, ರಜೆ, ಮನೆಯ ಕಾರ್ಯಗಳಿಗೆ 4 ವಾರ ತೆಗೆಯಿರಿ. 48 ವಾರ, ವಾರಕ್ಕೆ 5 ದಿನ, ಒಟ್ಟು 240 ದಿನ. ದಿನಕ್ಕೆ ಎಂಟು ಗಂಟೆ ಕೂತರೂ ಬಿಲ್ ಹಾಕಬಹುದಾದ್ದು ಸುಮಾರು 4. ಉಳಿದದ್ದು ಮೇಲ್, ಹುಡುಕಾಟ, ಲೆಕ್ಕಪತ್ರಕ್ಕೆ ಹೋಗುತ್ತದೆ. ಅಂದರೆ ವರ್ಷಕ್ಕೆ 960 ಗಂಟೆ. ಮನೆಖರ್ಚು, ತೆರಿಗೆ, ವಿಮೆ, ಕಂಪ್ಯೂಟರ್, ಉಳಿತಾಯ ಎಲ್ಲ ಸೇರಿ ವರ್ಷಕ್ಕೆ ಬೇಕಾದ ಮೊತ್ತವನ್ನು 960ರಿಂದ ಭಾಗಿಸಿ. ಬಂದದ್ದು ನಿಮ್ಮ ನೆಲದರ, ಅಂದರೆ ಗಂಟೆಗೆ ಇದಕ್ಕಿಂತ ಕೆಳಗೆ ಇಳಿಯಬಾರದ ದರ.

ಹೊಸಬರು ಎಡವುವುದು ಇಲ್ಲೇ. ವಾರಕ್ಕೆ 40 ಗಂಟೆ ಲೆಕ್ಕದಲ್ಲಿ ಸಂಬಳದವರ ವರ್ಷ 2080 ಗಂಟೆ. ಹಳೆಯ ಸಂಬಳವನ್ನು 2080ರಿಂದ ಭಾಗಿಸಿ ಅದೇ ದರ ಕೇಳಿದರೆ ಅರ್ಧದಷ್ಟೂ ಕೈಗೆ ಬರುವುದಿಲ್ಲ.

ಗ್ರಾಹಕರ ಮುಂದೆ ಗಂಟೆಯ ದರ ಇಡುವುದು ನನಗೆ ಹಿಡಿಸದು. ಕೈ ಪಳಗಿ ಬೇಗ ಬರೆದಷ್ಟೂ ಕಡಿಮೆ ಹಣ ಎಂದಾಗುತ್ತದೆ. ಇಡೀ ಕೆಲಸಕ್ಕೆ ಒಂದು ಮೊತ್ತ ಹೇಳಿ. ಒಳಗೊಳಗೆ ಗಂಟೆಯ ಲೆಕ್ಕ ಇಟ್ಟುಕೊಳ್ಳಿ. ಅದರಲ್ಲಿ ಎಷ್ಟು ಪದ, ಎಷ್ಟು ಸಂದರ್ಶನ, ಎಷ್ಟು ಸುತ್ತಿನ ತಿದ್ದುಪಡಿ ಎಂಬುದನ್ನು ಬರೆದು ಕೊಡಿ. ಎರಡು ಸುತ್ತು ಸಾಮಾನ್ಯ. ಮೂರನೆಯದಕ್ಕೆ ಬೇರೆ ಹಣ.

ನಾನು ಬರೆದದ್ದು ನನ್ನದೇ ಅಲ್ವಾ? ಕೃತಿಸ್ವಾಮ್ಯಕ್ಕೆ ನೋಂದಣಿ ಮಾಡಿಸಬೇಕಾ?

180ಕ್ಕೂ ಹೆಚ್ಚು ದೇಶಗಳು ಕೃತಿಸ್ವಾಮ್ಯ ಕುರಿತ 1886ರ ಬರ್ನ್ ಒಪ್ಪಂದದಲ್ಲಿವೆ. ಅದರ 1908ರ ಬರ್ಲಿನ್ ಪರಿಷ್ಕರಣೆಯಿಂದ ಕೃತಿಸ್ವಾಮ್ಯಕ್ಕೆ ನೋಂದಣಿಯಂಥ ವಿಧಿಗಳು ಬೇಕಿಲ್ಲ. ಬರೆದ ಕ್ಷಣದಿಂದ ಹಕ್ಕು ಹುಟ್ಟುತ್ತದೆ. ಆದರೆ ಆ ಹಕ್ಕನ್ನು ನೀವು ಕರಾರಿನಲ್ಲಿ ಬರೆದು ಕೊಟ್ಟರೆ ಅದು ಹೋಯಿತು. ಕಂಪನಿಯ ಕೆಲಸಗಳಲ್ಲಿ ಪೂರ್ತಿ ಹಕ್ಕು ಕೊಡುವುದು ವಾಡಿಕೆ, ಅದಕ್ಕೆ ತಕ್ಕ ದರ ಕೇಳಿ. ಪತ್ರಿಕೆಗಳಿಗೆ ಮೊದಲ ಪ್ರಕಟಣೆಯ ಹಕ್ಕನ್ನಷ್ಟೇ ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳಲು ನೋಡಿ. ‘ಹಣ ಪೂರ್ತಿ ಸಂದಾಯವಾದ ಮೇಲೆ ಹಕ್ಕು ವರ್ಗಾವಣೆ’ ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ವಸೂಲಿಯ ಸಮಯದಲ್ಲಿ ಬಲ ಬರುತ್ತದೆ. ಪತ್ರಿಕೆ ಕೇಳಿ ಬರೆಸಿ ಆಮೇಲೆ ಪ್ರಕಟಿಸದಿದ್ದರೆ ಕೊಡುವ ಭಾಗಶಃ ಸಂಭಾವನೆಗೆ ಕಿಲ್ ಫೀ ಎನ್ನುತ್ತಾರೆ. ಅದು ಎಷ್ಟೆಂದು ಮೊದಲೇ ಕೇಳಿ.

ಬರೆದು ಕೊಟ್ಟೆ, ದುಡ್ಡು ಕೊಡ್ತಿಲ್ಲ. ಏನು ಮಾಡ್ಲಿ?

ಹೊಸ ಗ್ರಾಹಕರಿಂದ ಅಡ್ವಾನ್ಸ್ ತೆಗೆದುಕೊಳ್ಳಿ, ಸಾಧ್ಯವಾದರೆ ಅರ್ಧ. ಬರಹ ಒಪ್ಪಿಸಿದ ದಿನವೇ ಇನ್‌ವಾಯ್ಸ್ ಕಳಿಸಿ, ಕೊಡಬೇಕಾದ ಕೊನೆಯ ದಿನಾಂಕವನ್ನು ಅದರಲ್ಲಿ ಬರೆಯಿರಿ. ದಿನ ಮೀರಿದರೆ ಮೊದಲು ಸಂಪಾದಕರಿಗಲ್ಲ, ಲೆಕ್ಕಪತ್ರ ವಿಭಾಗಕ್ಕೆ ಬರೆಯಿರಿ. ಎಷ್ಟೋ ಬಿಲ್‌ಗಳು ಯಾರದೋ ಇನ್‌ಬಾಕ್ಸಿನಲ್ಲಿ ಮಲಗಿರುತ್ತವೆ ಅಷ್ಟೇ. ಹಳೆಯದು ಚುಕ್ತಾ ಆಗುವವರೆಗೆ ಹೊಸ ಕೆಲಸ ಮುಟ್ಟಬೇಡಿ. ಕೆಲವು ಕಡೆ ಕಾನೂನಿನ ಆಸರೆಯೂ ಇದೆ. ತಡವಾದ ಪಾವತಿಗೆ ಬಡ್ಡಿ ಕೇಳಲು ಬ್ರಿಟನ್ 1998ರಲ್ಲಿ ಕಾಯ್ದೆ ಮಾಡಿತು, ಐರೋಪ್ಯ ಒಕ್ಕೂಟ 2011ರಲ್ಲಿ ನಿರ್ದೇಶನ ಹೊರಡಿಸಿತು. ನ್ಯೂಯಾರ್ಕ್ ನಗರದಲ್ಲಿ 2017ರಿಂದ ಫ್ರೀಲ್ಯಾನ್ಸರ್‌ಗಳಿಗೆಂದೇ ಕಾನೂನಿದೆ. ಅದರ ಪ್ರಕಾರ, ಕರಾರಿನಲ್ಲಿ ದಿನಾಂಕ ಇಲ್ಲದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಹಣ ಕೊಡಬೇಕು. ಗ್ರಾಹಕರು ಇರುವ ಊರಿನ ನಿಯಮ ಏನೆಂದು ನೋಡಿಟ್ಟುಕೊಳ್ಳಿ.

## ವರ್ಷದ ಗುರಿ

ವರ್ಷದ ಗುರಿ ಅಂದ್ರೆ ಇಷ್ಟು ಸಂಪಾದಿಸ್ತೀನಿ ಅಂತ ಬರೆದಿಡೋದು ತಾನೇ?

ಆ ಅಂಕಿ ಬೇಕು, ಆದರೆ ಅದನ್ನು ನೋಡುತ್ತಾ ಕೂತರೆ ಸೋಮವಾರ ಬೆಳಿಗ್ಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಯಾರು ಕೆಲಸ ಕೊಡುತ್ತಾರೆ, ಯಾವಾಗ ಹಣ ಹಾಕುತ್ತಾರೆ ಎನ್ನುವುದು ಬೇರೆಯವರ ಕೈಲಿದೆ. ಪತ್ರ ಬರೆಯುವುದು, ಹಳಬರನ್ನು ವಿಚಾರಿಸುವುದು, ದರ ಏರಿಸಿ ಹೇಳುವುದು ನಿಮ್ಮ ಕೈಲಿದೆ. ಗುರಿ ಇರಬೇಕಾದ್ದು ಇವುಗಳ ಮೇಲೆ.

ಲೆಕ್ಕ ಹಾಕಿ ನೋಡಿ. ಈ ವರ್ಷ 6 ಹೊಸ ಗ್ರಾಹಕರು ಬೇಕು. ನಿಮ್ಮ ದಾಖಲೆಯ ಪ್ರಕಾರ ಇಪ್ಪತ್ತು ಪತ್ರಕ್ಕೆ ಒಬ್ಬರು ಒಲಿಯುತ್ತಾರೆ ಎಂದಿಟ್ಟುಕೊಳ್ಳಿ. ಹಾಗಾದರೆ 120 ಪತ್ರ. 48 ವಾರಕ್ಕೆ ಹಂಚಿದರೆ ವಾರಕ್ಕೆ ಎರಡೂವರೆ. ವಾರಕ್ಕೆ ಮೂರು ಪತ್ರ ಎನ್ನುವುದು ಗುರಿ. ವರ್ಷದ ಅಂಕಿ ಹೆದರಿಸುತ್ತದೆ, ಮೂರು ಪತ್ರ ಹೆದರಿಸುವುದಿಲ್ಲ. ದಾಖಲೆಯೇ ಇಲ್ಲದಿದ್ದರೆ ಮೊದಲ ಮೂರು ತಿಂಗಳು ಬರೆದದ್ದೆಷ್ಟು, ಬಂದದ್ದೆಷ್ಟು ಎಂದು ಗುರುತು ಹಾಕಿಕೊಳ್ಳುತ್ತಾ ಹೋಗಿ, ಆಮೇಲೆ ಗುರಿ ಹಾಕಿ.

ಸ್ಮಾರ್ಟ್ ಗುರಿ, ಓಕೆಆರ್ ಅಂತೆಲ್ಲ ಹೇಳ್ತಾರಲ್ಲ, ಅದೆಲ್ಲ ಬೇಕಾ?

ಗುರಿ ನಿರ್ದಿಷ್ಟವಾಗಿರಬೇಕು, ಅಳೆಯಲು ಬರಬೇಕು, ಗಡುವು ಇರಬೇಕು ಎಂದೆಲ್ಲ ಹೇಳುವ ಸ್ಮಾರ್ಟ್ ಸೂತ್ರವನ್ನು ಜಾರ್ಜ್ ಡೊರಾನ್ 1981ರಲ್ಲಿ ಮ್ಯಾನೇಜರ್‌ಗಳಿಗೆಂದು ಬರೆದರು. ಓಕೆಆರ್ ಎಂದರೆ ಗುರಿಯ ಜೊತೆಗೆ ಅದು ಮುಟ್ಟಿತೆಂದು ತೋರಿಸುವ ಅಳತೆಗಳನ್ನೂ ಬರೆದಿಡುವ ಪದ್ಧತಿ; ಚಿಪ್ ತಯಾರಿಸುವ ಇಂಟೆಲ್ ಕಂಪನಿಯಲ್ಲಿ ಆಂಡಿ ಗ್ರೋವ್ ರೂಢಿಸಿದ್ದು, 1999ರಲ್ಲಿ ಹೂಡಿಕೆದಾರ ಜಾನ್ ಡೋರ್ ಮೂಲಕ ಗೂಗಲ್‌ಗೆ ಹೋಯಿತು. ಎರಡೂ ಹಲವರು ಸೇರಿ ದುಡಿಯುವ ಕಡೆ, ಎಲ್ಲರೂ ಒಂದೇ ದಿಕ್ಕಿಗೆ ಎಳೆಯಲಿ ಎಂದು ಹುಟ್ಟಿದವು. ಒಬ್ಬರೇ ಕೂತು ಬರೆಯುವವರಿಗೆ ಅಷ್ಟು ಸಲಕರಣೆ ಬೇಕಿಲ್ಲ. ಅಳೆಯಲು ಬರಬೇಕು, ಗಡುವು ಇರಬೇಕು, ಇವೆರಡನ್ನು ಎತ್ತಿಕೊಂಡು ಉಳಿದದ್ದನ್ನು ಬಿಡಬಹುದು.

ಹೋದ ವರ್ಷದ ಲೆಕ್ಕ ನೋಡು ಅಂತಾರೆ. ನೋಡಿ ಏನು ಹುಡುಕಬೇಕು?

ಗುರಿ ಹಾಕುವುದಕ್ಕಿಂತ ಇದಕ್ಕೇ ಹೆಚ್ಚು ಹೊತ್ತು ಕೊಡಿ. ಪ್ರತಿ ಕೆಲಸಕ್ಕೂ ಒಂದು ಸಾಲು: ಯಾರು, ಎಲ್ಲಿಂದ ಸಿಕ್ಕರು, ಎಷ್ಟು ಹಣ, ಎಷ್ಟು ಗಂಟೆ, ಎಷ್ಟು ದಿನಕ್ಕೆ ಹಣ ಬಂತು. ಗಂಟೆಗೆ ಬಿದ್ದ ದರದ ಪ್ರಕಾರ ಜೋಡಿಸಿ. ದೊಡ್ಡ ಮೊತ್ತ ಕೊಟ್ಟವರು ಕೆಳಗೆ ಜಾರಿ, ಸದ್ದಿಲ್ಲದೆ ತಿಂಗಳಿಗೊಂದು ಸುದ್ದಿಪತ್ರ ಬರೆಸುವವರು ಮೇಲೆ ಬರುವುದು ಸಾಮಾನ್ಯ. ಕೊನೆಯ ಸುತ್ತಿನ ತಿದ್ದುಪಡಿಗಳು ತಿಂದ ಗಂಟೆಗಳನ್ನು ಪ್ರಾಮಾಣಿಕವಾಗಿ ಸೇರಿಸಿದರೆ ಮಾತ್ರ ಇದು ಕಾಣುತ್ತದೆ.

‘ಎಲ್ಲಿಂದ ಸಿಕ್ಕರು’ ಎಂಬ ಕಾಲಂ ಚಿನ್ನ. ಹಳೆಯ ಗ್ರಾಹಕರು ಹೇಳಿ ಕಳಿಸಿದವರೇ ಅಲ್ಲಿ ಹೆಚ್ಚಿದ್ದರೆ, ಹೊಸ ವರ್ಷದಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಕಳೆಯುವ ಹೊತ್ತನ್ನು ಆ ಹಳೆಯ ಗ್ರಾಹಕರೊಂದಿಗೆ ಕಳೆಯಿರಿ. ಇನ್ನೊಂದು ಅಂಕಿ, ಒಬ್ಬರೇ ಗ್ರಾಹಕರಿಂದ ಬಂದ ಪಾಲು. ಅರ್ಧ ದಾಟಿದ್ದರೆ ಅವರು ಬಜೆಟ್ ಕಡಿತ ಮಾಡಿದ ದಿನ ನಿಮ್ಮ ವ್ಯವಹಾರವೂ ನಿಂತಂತೆ. ಅದನ್ನು ಇಳಿಸುವುದೇ ಆ ವರ್ಷದ ಮೊದಲ ಗುರಿಯಾಗಲಿ.

ಜನವರೀಲಿ ಹಾಕಿದ ಗುರಿ ಮಾರ್ಚ್ ಹೊತ್ತಿಗೆ ನೆನಪೇ ಇರಲ್ಲ.

ಹನ್ನೆರಡು ತಿಂಗಳು ಗುರಿಗೆ ತೀರಾ ಉದ್ದ. ಡಿಸೆಂಬರ್ ದೂರ ಇದೆ ಎಂಬ ಧೈರ್ಯದಲ್ಲೇ ಆಗಸ್ಟ್ ಬಂದಿರುತ್ತದೆ. ಮೂರು ತಿಂಗಳಿಗೆ ಒಂದು ಅಥವಾ ಎರಡು ಗುರಿ ಸಾಕು. ಹಮ್ಮಿಕೊಂಡದ್ದು ಅಂದುಕೊಂಡದ್ದಕ್ಕಿಂತ ತಡವಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ. 1994ರಲ್ಲಿ ಪ್ರಕಟವಾದ ಮನಶ್ಶಾಸ್ತ್ರದ ಅಧ್ಯಯನವೊಂದರಲ್ಲಿ, ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದಿದ್ದ ವಿದ್ಯಾರ್ಥಿಗಳಿಗೆ 55 ದಿನಕ್ಕಿಂತ ಹೆಚ್ಚು ಹಿಡಿದಿತ್ತು. ಬರೆಯುವವರೆಲ್ಲ ಈ ಸಾಲಿಗೆ ಸೇರಿದವರೇ.

ನೆನಪಿಗೆ ಬಿಡುವುದೂ ಬೇಡ. ಪೀಟರ್ ಗೊಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಬರೆದಂತೆ ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂದು ಸಂದರ್ಭ ಕಟ್ಟಿದ ನಿರ್ಧಾರ ಬರೀ ಆಸೆಗಿಂತ ಹೆಚ್ಚು ಜಾರಿಗೆ ಬರುತ್ತದೆ. ‘ಹೆಚ್ಚು ಪತ್ರ ಬರೆಯಬೇಕು’ ಎಂಬುದರ ಬದಲು ‘ಮಂಗಳವಾರ ಲ್ಯಾಪ್‌ಟಾಪ್ ತೆರೆದ ಕೂಡಲೇ, ಇನ್‌ಬಾಕ್ಸ್ ನೋಡುವ ಮೊದಲು, ಮೂರು ಪತ್ರ’.

ಕೈತುಂಬ ಕೆಲಸ ಇದೆ, ಆದರೆ ಆದಾಯ ಮೂರು ವರ್ಷದಿಂದ ನಿಂತಲ್ಲೇ ನಿಂತಿದೆ.

ಗಂಟೆಗಳು ತುಂಬಿವೆ, ಇನ್ನು ದರ ಮಾತ್ರ ಏರಬಹುದು. ಹೊಸದಾಗಿ ಬರುವವರಿಗೆ ಹೊಸ ದರ ಇವತ್ತಿನಿಂದಲೇ ಹೇಳಿ. ಹಳಬರಿಗೆ ಎರಡು ತಿಂಗಳು ಮೊದಲು ತಿಳಿಸಿ, ಕ್ಷಮೆ ಕೇಳುವ ಧಾಟಿ ಬೇಡ. ಗಂಟೆಗೆ ಬಿದ್ದ ದರದ ಪಟ್ಟಿಯಲ್ಲಿ ಅಡಿಯಲ್ಲಿರುವ ಒಬ್ಬರೋ ಇಬ್ಬರೋ ಬಿಟ್ಟು ಹೋದರೆ ಹೋಗಲಿ, ಆ ಜಾಗ ಬೇಕಾಗಿಯೇ ಇತ್ತು. ಎಲ್ಲರೂ ತಕರಾರಿಲ್ಲದೆ ಒಪ್ಪಿದರೆ ದರ ಇನ್ನೂ ಕಡಿಮೆ ಇದೆ ಎಂದರ್ಥ. ತಿಂಗಳು ತಿಂಗಳೂ ಕೆಲಸ ಕೊಡುವವರ ಮುಂದೆ ರಿಟೇನರ್ ಪ್ರಸ್ತಾಪ ಇಡಿ, ಅಂದರೆ ತಿಂಗಳಿಗೆ ಇಷ್ಟು ಬರಹಕ್ಕೆ ನಿಗದಿ ಮೊತ್ತ, ಮುಂಗಡವಾಗಿ. ಆ ತಿಂಗಳು ಬಳಸಿಕೊಳ್ಳದ ಬರಹ ಮುಂದಿನ ತಿಂಗಳಿಗೆ ಉರುಳುವುದಿಲ್ಲ ಎಂಬುದನ್ನೂ ಬರೆದಿಡಿ, ಇಲ್ಲದಿದ್ದರೆ ಡಿಸೆಂಬರ್‌ನಲ್ಲಿ ಒಂಬತ್ತು ಲೇಖನ ಒಟ್ಟಿಗೆ ಕೇಳುತ್ತಾರೆ.

ಒಂದು ತಿಂಗಳು ಉಸಿರಾಡೋಕೆ ಬಿಡುವಿಲ್ಲ, ಮುಂದಿನ ತಿಂಗಳು ಒಂದೂ ಕೆಲಸ ಇಲ್ಲ. ಇದಕ್ಕೇನು ಮಾಡೋದು?

ಇವತ್ತಿನ ಖಾಲಿ ತಿಂಗಳು ಹುಟ್ಟಿದ್ದು ಎರಡು ಮೂರು ತಿಂಗಳ ಹಿಂದೆ, ಕೆಲಸದ ಭರದಲ್ಲಿ ನೀವು ಪತ್ರ ಬರೆಯುವುದನ್ನು ನಿಲ್ಲಿಸಿದಾಗ. ತುಂಬಿದ ವಾರದಲ್ಲೂ ಒಂದಾದರೂ ಪತ್ರ ಹೊರಡಲಿ. ತಕ್ಷಣಕ್ಕೆ ಉತ್ತರ ಬಂದು ಕೈ ಖಾಲಿ ಇಲ್ಲದಿದ್ದರೆ ‘ಮುಂದಿನ ತಿಂಗಳ ಮೂರನೇ ವಾರದಿಂದ ಶುರು ಮಾಡಬಹುದು’ ಎನ್ನಿ. ಕಾಯುವವರು ಕಾಯುತ್ತಾರೆ. ಹಣದ ಏರುಪೇರಿಗೆ ಬೇರೆಯೇ ಉಪಾಯ. ಬಂದದ್ದೆಲ್ಲ ಒಂದು ಖಾತೆಗೆ, ಅಲ್ಲಿಂದ ತೆರಿಗೆಯ ಪಾಲು ಎತ್ತಿಟ್ಟು, ಉಳಿದದ್ದರಲ್ಲಿ ನಿಗದಿತ ಮೊತ್ತವನ್ನು ತಿಂಗಳ ಮೊದಲ ದಿನ ಮನೆಯ ಖಾತೆಗೆ ಸಂಬಳದಂತೆ ಹಾಕಿಕೊಳ್ಳಿ. ಕಳೆದ ವರ್ಷದ ತೀರಾ ಕಡಿಮೆ ಆದಾಯದ ಮೂರು ತಿಂಗಳ ಸರಾಸರಿಯಿಂದ ಆ ಮೊತ್ತವನ್ನು ಶುರು ಮಾಡಿ.